ಎರಡನೇ ಪುಟದ ಹಲ್ಲು

ರಾಣೇಬೆನ್ನೂರು
12 ನವೆಂಬರ್ 1996

ತಮ್ಮ ಗೌಸನಿಗೆ ಆಪಾಳ ಸಲಾಮು.

ಪತ್ರ ನೋಡಿ ಗಾಬರಿಯಾಗಬೇಡ, ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ. ಆಗಬಾರದ್ದು ಸ್ವಲ್ಪದರಲ್ಲಿ ತಪ್ಪಿದ್ದು ದವಾಖಾನೆಯಲ್ಲಿ, ಅದೂ ನೀನು ಮಾಡಿಕೊಟ್ಟ ಪ್ರೋಗ್ರಾಮಿನ ಕೃಪೆಯಿಂದ. ಫೋನು ಮಾಡೋಣವೆಂದರೆ ಅದು ಡಾಕ್ಟರ ಟೇಬಲ್ಲಿನ ಮೇಲಿದೆ. ಅವರ ಎದುರಿಗೇ ನಿಂತು ನನ್ನ ತಮ್ಮನ ಕೆಲಸ ಸರಿಯಿಲ್ಲ ಎಂದು ಹೇಗೆ ಹೇಳಲಿ? ಹಾವೇರಿಯಲ್ಲಿ ನಿನ್ನಷ್ಟು ಶಾಣ್ಯಾ ಹುಡುಗ ಇಲ್ಲವೆಂದು ಹೊಗಳಿ ಹೊಗಳಿ ಈ ಕೆಲಸ ನಿನಗೆ ಕೊಡಿಸಿದವಳೇ ನಾನು.

ನಡೆದದ್ದು ಕೇಳು. ಹಲಗೇರಿಯಿಂದ ಕರೆವ್ವ ಅಂತ ಒಬ್ಬಾಕೆ ಬರುತ್ತಾಳೆ, ದವಡೆ ಹಲ್ಲಿನ ನೋವು. ನಮ್ಮ ಸಿದ್ದಲಿಂಗಪ್ಪ ಡಾಕ್ಟರು ಮೊದಲ ದಿನ ನೋಡಿ ಕೀಳಬೇಕು ಅಂದರು. ನಾನು ಹಾಗೇ ಬರೆದೆ. ಮರುವಾರ ಎಕ್ಸ್‌ರೇ ನೋಡಿ, ಬೇಡ, ಉಳಿಯುತ್ತದೆ, ಸಿಮೆಂಟು ತುಂಬಿದರೆ ಸಾಕು ಅಂದರು. ಅದನ್ನೂ ಬರೆದೆ. ಆದರೆ ನೀನೇ ಮಾಡಿದ್ದಲ್ಲವೇ, ಬದಲು ಮಾಡಿದ್ದೆಲ್ಲ ಎರಡನೇ ಪುಟಕ್ಕೆ ಹೋಗಿ ಕೂರುತ್ತದೆ! ಮೊದಲನೇ ಪುಟದಲ್ಲಿ ಮೂವತ್ತೆರಡು ಹಲ್ಲಿನ ಚಿತ್ರ, ಅದರ ಕೆಳಗೆ ಹಳೆಯ ಮಾತೇ ಹಸಿರು ಅಕ್ಷರದಲ್ಲಿ ಮಿನುಗುತ್ತಿರುತ್ತದೆ: ಕೀಳುವುದು. ಗುರುವಾರ ಸಂಜೆ ಹಲ್ಲು ಕೀಳಲಿಕ್ಕೆಂದೇ ದಾವಣಗೆರೆಯಿಂದ ಒಬ್ಬ ಡಾಕ್ಟರು ಬರುತ್ತಾರೆ. ಕೈ ಬಹಳ ಚುರುಕು, ಮಾತು ಕಡಿಮೆ. ಅವರು ಪರದೆ ನೋಡಿದರು, ಸೂಜಿ ತುಂಬಿದರು.

"ಏನವಾ, ಸಿಮೆಂಟ್ ಹಾಕ್ತೇನಿ ಅಂದಿದ್ರಲ್ಲ, ಈ ಸೂಜಿ ಯಾಕ ತಂದಾರ ಇವ್ರು?" ಎಂದು ಕರೆವ್ವ ಕೂಗದಿದ್ದರೆ ಅವಳ ಹಲ್ಲು ತಟ್ಟೆಯಲ್ಲಿರುತ್ತಿತ್ತು. ನಾನು ಓಡಿ ಬಂದು ಗುಂಡಿ ಒತ್ತಿ ಎರಡನೇ ಪುಟ ತೋರಿಸಿದೆ. ಆ ಡಾಕ್ಟರು ನನ್ನನ್ನೇ ಬೈದರು. "ಇದನ್ನ ಯಾರ್ರೀ ಹಿಂದ ಅಡಗಿಸಿ ಇಟ್ಟಾರ?"

ಯಾರು ಅಂತ ಹೇಳಲಿಲ್ಲ. ನೀನು ಬಂದು ಇದನ್ನು ಸರಿಮಾಡಿ ಹೋಗು ಅಂತ ಬರೆಯಲಿಕ್ಕೂ ನನಗೆ ಬಾಯಿಲ್ಲ. ದವಾಖಾನೆಯ ಮೆಟ್ಟಿಲಿನ ಬುಡಕ್ಕೇ ನಮ್ಮ ಮನೆಯವರ ಸೈಕಲ್ ಅಂಗಡಿ. ಮಳೆಗಾಲದಲ್ಲಿ ನೀನು ಅವರ ತಂಗಿ ಬಿಸ್ಮಿಲ್ಲಾಳನ್ನು ಒಲ್ಲೆ ಅಂದ ಮೇಲೆ ಅವರು ನಿನ್ನ ಹೆಸರು ಕೇಳಿದರೆ ಕೈಯಲ್ಲಿದ್ದ ನಟ್ಟು ಬಿಗಿಯುವ ಪಾನಾ ಕೆಳಗಿಟ್ಟು ಎದ್ದು ಹೋಗುತ್ತಾರೆ. ಅಲ್ಲಿಂದಲೇ ಏನಾದರೂ ಮಾಡಲಿಕ್ಕೆ ಬರುತ್ತದೆಯೇ, ಲಗೂ ತಿಳಿಸು. ಅಮ್ಮನಿಗೆ ಈ ಪತ್ರ ಓದಿ ಹೇಳಬೇಡ.

ನಿನ್ನ ಆಪಾ,
ಜಾಹೀದಾ


ಹಾವೇರಿ
19 ನವೆಂಬರ್ 1996

ಆಪಾಗೆ ಗೌಸನ ಸಲಾಮು.

ನಿನ್ನ ಪತ್ರ ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಒಂದು ಗುಂಡಿ ಒತ್ತುವುದು ಅಷ್ಟು ಕಷ್ಟವೇ ನಿಮ್ಮ ದಾವಣಗೆರೆಯ ಡಾಕ್ಟರಿಗೆ? ಅಷ್ಟು ಓದಿದವರಿಗೆ ಪುಟ ತಿರುಗಿಸಬೇಕೆಂದು ನಾನು ಹಾವೇರಿಯಿಂದ ಕೂಗಿ ಹೇಳಬೇಕೇ?

ಪ್ರೋಗ್ರಾಮಿನಲ್ಲಿ ತಪ್ಪಿಲ್ಲ. ಬೇಸಿಗೆಯಲ್ಲಿ ನಾನು ಅದನ್ನು ಹಾಕಲು ಬಂದಾಗ ಸಿದ್ದಲಿಂಗಪ್ಪ ಡಾಕ್ಟರೇ ನನಗೆ ಹೇಳಿದ್ದು, ನೀನೂ ಅಲ್ಲೇ ನಿಂತಿದ್ದೆ. "ನೋಡಪಾ, ಒಮ್ಮೆ ಬರದದ್ದನ್ನ ಯಾರೂ ಅಳಸಬಾರ್ದು. ನಾಳೆ ಯಾರರ ಬಂದು ಜಗಳಾ ತಗದ್ರ ನಾ ಏನ್ ತೋರಸ್ಲಿ?" ಅಂದಿದ್ದರು. ಅದಕ್ಕೇ ಮೊದಲು ಬರೆದದ್ದನ್ನು ಮೊದಲನೇ ಪುಟದಲ್ಲಿ ಭದ್ರ ಮಾಡಿದೆ. ಬದಲಾದದ್ದು ಎರಡನೇ ಪುಟಕ್ಕೆ. ಇದಕ್ಕಿಂತ ಅಚ್ಚುಕಟ್ಟಾಗಿ ಹುಬ್ಬಳ್ಳಿಯವರೂ ಮಾಡಿಕೊಡುವುದಿಲ್ಲ.

ಸದ್ಯಕ್ಕೆ ಒಂದು ಕೆಲಸ ಮಾಡು. ಯಾರ ಉಪಚಾರ ಬದಲಾಗಿದೆಯೋ ಅವರ ಹೆಸರನ್ನು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸು. ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡ. ನೀನು ಸಣ್ಣವಳಿದ್ದಾಗಿನಿಂದ ಹಾಗೇ, ಹಾಲು ಉಕ್ಕುವ ಮೊದಲೇ ಅಯ್ಯೋ ಅನ್ನುವವಳು ಅಂತ ಅಮ್ಮ ಹೇಳುತ್ತಾಳೆ.

ನನ್ನ ಟೈಪಿಂಗ್ ಕ್ಲಾಸು ನಡೆದಿದೆ. ಕಂಪ್ಯೂಟರ್ ಕಲಿಯಲಿಕ್ಕೂ ಈಗ ಹುಡುಗಿಯರು ಬರುತ್ತಿದ್ದಾರೆ. ಭಾವನ ಸಿಟ್ಟು ಇನ್ನೂ ಇಳಿದಿಲ್ಲವೆಂದು ಬರೆದಿದ್ದೀ. ಇರಲಿ. ಆ ಮಾತು ಈಗ ಬೇಡ.

ನಿನ್ನ ತಮ್ಮ,
ಮಹಮ್ಮದಗೌಸ


ರಾಣೇಬೆನ್ನೂರು
8 ಡಿಸೆಂಬರ್ 1996

ಗೌಸ್,

ನಿನ್ನ ಚೀಟಿಯ ಕಥೆ ಹೇಳುತ್ತೇನೆ. ಅಂಟಿಸಿದೆ. ಫ್ಯಾನು ಹಾಕಿದರೆ ಹಾರುತ್ತವೆ, ಹಾಕದಿದ್ದರೆ ಪೇಶಂಟುಗಳಿಗೆ ಸೆಖೆ. ಗೋಂದು ಹಚ್ಚಿ ಅಂಟಿಸಿದ ಮೇಲೆ ಪರದೆಯ ಸುತ್ತ ಬೇವಿನ ತೋರಣ ಕಟ್ಟಿದ ಹಾಗೆ ಕಾಣತೊಡಗಿತು. ಡಾಕ್ಟರು ಒಂದು ದಿನ ಎಲ್ಲವನ್ನೂ ಕಿತ್ತು ಬುಟ್ಟಿಗೆ ಹಾಕಿದರು. "ಕಂಪ್ಯೂಟರಿಗೆ ಕಾಗದ ಹಚ್ಚೂದಿದ್ರ ಕಂಪ್ಯೂಟರ್ ಯಾಕ ಬೇಕಿತ್ತು ಜಾಹೀದಾ? ಕಾಗದಾನ ಸಾಕಾಗಿತ್ತಲ್ಲ" ಅಂದರು. ಅವರದ್ದೂ ಖರೇ.

ಈಗ ನಿಜವಾದ ಚಿಂತೆಗೆ ಬರುತ್ತೇನೆ. ಬಿಸ್ಮಿಲ್ಲಾಳಿಗೆ ಗಂಡು ಗೊತ್ತಾಗಿದೆ. ಬ್ಯಾಡಗಿಯ ಅಬ್ದುಲರಜಾಕ ಸಾಹೇಬರ ಮಗ ನಾಸೀರ. ಮೆಣಸಿನಕಾಯಿ ವ್ಯಾಪಾರದ ಮನೆ, ಹೆಣ್ಣುಮಕ್ಕಳು ಬಂದು ನೋಡಿಕೊಂಡು ಹೋದರು. ಈದ್ ಆದ ಮೇಲೆ ನಿಕಾ. ಅತ್ತೆಯ ಮುಖದಲ್ಲಿ ಬಹಳ ದಿನಗಳ ಮೇಲೆ ನಗು ನೋಡಿದೆ.

ಅವಳ ಮೇಲಿನ ಮುಂದಿನ ಹಲ್ಲು ನಿನಗೆ ನೆನಪಿರಬಹುದು. ಸಣ್ಣವಳಿದ್ದಾಗ ಬಾವಿಕಟ್ಟೆಯ ಮೇಲೆ ಬಿದ್ದು ಪೆಟ್ಟಾಗಿ ಕಪ್ಪಾದದ್ದು. ಹೋದ ತಿಂಗಳು ಅದರ ಬುಡದಲ್ಲಿ ಕೀವಾಗಿತ್ತು. ಡಾಕ್ಟರು ನೋಡಿ, ಕಿತ್ತು ಬೇರೆ ಹಲ್ಲು ಕೂಡಿಸೋಣ ಅಂದರು. ನಾನೇ ಬರೆದೆ: ಕೀಳುವುದು. ಗಂಡು ಗೊತ್ತಾದ ಕೂಡಲೇ ಅತ್ತೆ ದವಾಖಾನೆಗೆ ಬಂದು ಕೂತುಬಿಟ್ಟರು.

"ಹಲ್ಲಿಲ್ಲದ ಹುಡುಗಿನ್ನ ನಿಕಾಕ್ಕ ಕುಂದ್ರಸ್ಲೇನ್ರಿ ಡಾಕ್ಟರ್? ಕಪ್ಪಿದ್ರೂ ಇರ್ಲಿ, ತನ್ನ ಹಲ್ಲು ತನಗಿರ್ಲಿ."

ಡಾಕ್ಟರು ಇನ್ನೊಂದು ಎಕ್ಸ್‌ರೇ ತೆಗೆದು, ಔಷಧದಿಂದ ಕೀವು ಇಳಿದಿದೆ, ಬೇರು ಸ್ವಚ್ಛ ಮಾಡಿ ಮೇಲೆ ಬಿಳಿ ಟೋಪಿ ಕೂಡಿಸಬಹುದು ಅಂದರು. ಬದಲು ಮಾಡಿ ಬರೆದೆ. ಈಗ ಬಿಸ್ಮಿಲ್ಲಾಳ ಹಲ್ಲೂ ನಿನ್ನ ಎರಡನೇ ಪುಟದಲ್ಲಿದೆ, ಮೊದಲನೇ ಪುಟದಲ್ಲಿ ಕೀಳುವುದು ಅಂತಲೇ ಇದೆ.

ನಿನಗೆ ತಿಳಿಯಲಿ ಅಂತ ಬಿಡಿಸಿ ಬರೆಯುತ್ತೇನೆ. ಕರೆವ್ವನ ಹಲ್ಲು ಹೋಗಿದ್ದರೆ ಅದು ದವಾಖಾನೆಯ ತಪ್ಪಾಗುತ್ತಿತ್ತು. ಈ ಹಲ್ಲಿಗೆ ಏನಾದರೂ ಆದರೆ ಈ ಮನೆಯಲ್ಲಿ ಅದನ್ನು ತಪ್ಪು ಅನ್ನುವುದಿಲ್ಲ, ಹಗೆ ಅನ್ನುತ್ತಾರೆ. ಮೊದಲು ಒಲ್ಲೆ ಅಂದ, ಈಗ ಮುಖ ಕೆಡಿಸಿದ ಅನ್ನುತ್ತಾರೆ. ಮತ್ತು ನಾನು ಅವನ ಅಕ್ಕ. ನೀನು ಹಾವೇರಿಯಲ್ಲಿರುತ್ತೀ, ನಾನು ಇವರ ಜೊತೆ ಉಣ್ಣಬೇಕು.

ಜಾಹೀದಾ


ಹಾವೇರಿ
18 ಡಿಸೆಂಬರ್ 1996

ಆಪಾ,

ಬಿಸ್ಮಿಲ್ಲಾಳ ನಿಕಾ ಗೊತ್ತಾದದ್ದು ಕೇಳಿ ಸಮಾಧಾನವಾಯಿತು. ಸಮಾಧಾನ ಅಂದರೆ ಹೇಗೆ ಹೇಳಲಿ, ಬಿಡು. ಆಗ ಅಬ್ಬಾ ನನ್ನನ್ನು ಕೇಳದೆ ಮಾತು ಕೊಟ್ಟಿದ್ದರು, ನಾನು ಎಲ್ಲರೆದುರು ಒಲ್ಲೆ ಅಂದೆ. ಹುಡುಗಿಯಲ್ಲಿ ಏನೂ ಕೊರತೆ ಇರಲಿಲ್ಲ ಅಂತ ನಿಮ್ಮ ಮನೆಯಲ್ಲಿ ಯಾರಿಗೂ ಹೇಳಲು ನನಗೆ ಬಾಯಿ ಬರಲಿಲ್ಲ.

ಪ್ರೋಗ್ರಾಮಿನ ಬಗ್ಗೆ ಯೋಚಿಸಿದೆ. ನಿನ್ನ ಕುರ್ಚಿಯಲ್ಲಿ ಕೂತವನ ಹಾಗೆ ಕಣ್ಣು ಮುಚ್ಚಿ ನೋಡಿದೆ. ಬಾಯಿ ತೆರೆದು ಕೂತ ಪೇಶಂಟು, ಹೊರಗೆ ಗದ್ದಲ, ಕೈಯಲ್ಲಿ ಸೂಜಿ. ಪುಟ ತಿರುಗಿಸುವ ನೆನಪು ಯಾರಿಗೂ ಬರುವುದಿಲ್ಲ. ಇಷ್ಟು ದಿನ ನಾನು ಹಾವೇರಿಯಲ್ಲಿ ಖಾಲಿ ಟೇಬಲ್ಲಿನ ಮುಂದೆ ಕೂತು ನೋಡುತ್ತಿದ್ದೆ, ಅದಕ್ಕೇ ಎಲ್ಲ ಸರಿಯಾಗಿ ಕಾಣುತ್ತಿತ್ತು.

ಹಳೆಯದನ್ನು ಅಳಿಸದೆ ಅದರ ಮೇಲೆ ಗೀಟು ಎಳೆಯುವಂತೆ ಮಾಡುತ್ತೇನೆ. ಹೊಸದು ಅದರ ಮೇಲೆಯೇ ದೊಡ್ಡದಾಗಿ ಹೊಳೆಯಬೇಕು. ಬದಲು ಮಾಡಲು ನೀನು ಈಗ ಆರು ಕಡೆ ಹೋಗುತ್ತೀಯಲ್ಲ, ಅದೂ ಬೇಡ. ಚಿತ್ರದಲ್ಲಿ ಹಲ್ಲಿನ ಮೇಲೆ ನಿಂತು ಒಂದು ಗುಂಡಿ ಒತ್ತಿದರೆ ಅಲ್ಲೇ ಬದಲಾಗಬೇಕು. ಆದರೆ ಡಾಕ್ಟರು ಒಪ್ಪಬೇಕು. ನೀನೇ ಕೇಳಿ ನೋಡು.

ಗೌಸ


ರಾಣೇಬೆನ್ನೂರು
3 ಜನವರಿ 1997

ಗೌಸ್,

ಕೇಳಿದೆ. ಮೊದಲು ಮುಖ ಗಂಟು ಹಾಕಿದರು, "ಮತ್ತೇನ್ ಹೊಸಾ ಗೊಂದ್ಲ?" ಅಂದರು. ಕರೆವ್ವನ ಹೆಸರು ತೆಗೆದೆ. ಆಗ, "ಮಾಡ್ಲಿ. ಆದ್ರ ಹಳೇದು ಕಾಣಬೇಕು, ಗೀಟ ಹೊಡದ್ರೂ ಓದಾಕ ಬರಬೇಕು" ಅಂದರು. ಅಷ್ಟೇ ಸಾಕು, ನೀನು ಈಗಲೇ ಕೂತು ಮಾಡು. ರಮಜಾನಿನ ಚಾಂದ ಕಾಣುವ ಮೊದಲು ಆಗಲೇಬೇಕು.

ಯಾಕೆ ಅಂದರೆ, ರೋಜಾ ಹಿಡಿದವರು ಹಗಲು ಹಲ್ಲಿನ ಕೆಲಸ ಮಾಡಿಸಿಕೊಳ್ಳಲು ಒಪ್ಪುವುದಿಲ್ಲ. ಬಾಯಿ ತೊಳೆಯುವಾಗ ನೀರು ಗಂಟಲಿಗೆ ಇಳಿದರೆ? ರಕ್ತ ಬಂದರೆ? ಹೋದ ವರ್ಷ ಒಬ್ಬ ಮುದುಕ ನೋವು ತಡೆಯಲಾರದೆ ದವಡೆ ಹಿಡಿದುಕೊಂಡು ಸೂರ್ಯ ಮುಳುಗುವವರೆಗೂ ಮೆಟ್ಟಿಲ ಮೇಲೆ ಕೂತಿದ್ದ. ಅದಕ್ಕೇ ಡಾಕ್ಟರು ಈ ಸಲ ನಮ್ಮವರೆಲ್ಲರಿಗೆ ಇಫ್ತಾರಿನ ಮೇಲೆ ಸಮಯ ಕೊಟ್ಟಿದ್ದಾರೆ. ಒಳ್ಳೆಯ ಮನುಷ್ಯ, ಅನ್ನಬಾರದು. ಆದರೆ ಆ ಹೊತ್ತಿಗೆ ನಾನು ಅಲ್ಲಿರುವುದಿಲ್ಲ! ಇಳಿಹೊತ್ತಿನ ಅಸರ್ ನಮಾಜು ಆದ ಕೂಡಲೇ ಮನೆಗೆ ಬಂದು ಒಲೆ ಮುಂದೆ ನಿಲ್ಲಬೇಕು. ಎರಡನೇ ಪುಟ ನೆನಪಿಟ್ಟು ತೆಗೆದು ನೋಡುವವಳು ನಾನೊಬ್ಬಳೇ, ಎಲ್ಲರೂ ಬರುವ ಹೊತ್ತಿಗೆ ನಾನು ಮನೆಯಲ್ಲಿ ಭಜಿ ಕರಿಯುತ್ತಿರುತ್ತೇನೆ.

ಬಿಸ್ಮಿಲ್ಲಾಳ ಹಲ್ಲಿನ ಕೆಲಸವೂ ಆಗಲೇ. ಮೊನ್ನೆ ಅವಳು ಅಡಿಗೆಮನೆಯಲ್ಲಿ ಮೆಲ್ಲಗೆ ಕೇಳಿದಳು, "ಭಾಬಿ, ನಂದು ಈಗ ಕೀಳೂದೋ, ಉಳಸೂದೋ? ಯಾರೂ ನನಗ ಸರಿಯಾಗಿ ಹೇಳವಲ್ರು." ಉಳಿಸುವುದು ಅಂದೆ. ಹೂಂ ಅಂದಳು. ಅವಳ ಎದುರಿಗೆ ನಿನ್ನ ಹೆಸರು ಯಾರೂ ತೆಗೆಯುವುದಿಲ್ಲ, ಅವಳೂ ತೆಗೆಯುವುದಿಲ್ಲ.

ಜಾಹೀದಾ


ಹಾವೇರಿ
11 ಜನವರಿ 1997

ಆಪಾ,

ಮುಗಿಯಿತು! ಚಾಂದ ನನಗಿಂತ ಮೊದಲು ಬಂತು, ಮಾಫ್ ಮಾಡು. ಕ್ಲಾಸಿನ ಹುಡುಗರನ್ನೇ ಪೇಶಂಟು ಮಾಡಿ ಒಬ್ಬೊಬ್ಬರ ಹಲ್ಲು ಹತ್ತು ಸಲ ಬದಲು ಮಾಡಿ ನೋಡಿದೆ. ಹಳೆಯದಕ್ಕೆ ಗೀಟು ಬೀಳುತ್ತದೆ, ಹೊಸದು ಮೇಲೆ ಹೊಳೆಯುತ್ತದೆ, ಬದಲಾದ ಹಲ್ಲು ಚಿತ್ರದಲ್ಲೇ ಮಿನುಗುತ್ತದೆ. ಇನ್ನು ಕಣ್ಣಿದ್ದವರಿಗೆಲ್ಲ ಕಾಣುತ್ತದೆ.

ಫ್ಲಾಪಿಯನ್ನು ಈ ಪತ್ರದ ಜೊತೆಗೇ ಇಟ್ಟಿದ್ದೇನೆ. ಎರಡೂ ಬದಿಗೆ ರಟ್ಟು ಕೊಟ್ಟು ದಾರ ಸುತ್ತಿದ್ದೇನೆ. ಹೇಗೆ ಹಾಕಬೇಕೆಂದು ಹಿಂದಿನ ಹಾಳೆಯಲ್ಲಿ ಬರೆದಿದ್ದೇನೆ, ಡಾಕ್ಟರು ಊಟಕ್ಕೆ ಹೋದಾಗ ಧೈರ್ಯವಾಗಿ ಮಾಡು. ನೀನು ನನಗಿಂತ ಜಾಣೆ, ಹತ್ತನೇ ತರಗತಿಯಲ್ಲಿ ಗಣಿತದಲ್ಲಿ ನನಗಿಂತ ಹೆಚ್ಚು ಅಂಕ ನಿನಗೇ ಬಂದಿತ್ತು.

ಗೌಸ


ರಾಣೇಬೆನ್ನೂರು
18 ಜನವರಿ 1997

ಗೌಸ್,

ನಿನ್ನ ರಟ್ಟು, ನಿನ್ನ ದಾರ! ಪೋಸ್ಟಿನವರು ಅದರ ಮೇಲೆ ಎತ್ತಿ ಠಸ್ಸೆ ಹೊಡೆದಿದ್ದಾರೆ. ರಟ್ಟು ಕುಸಿದು ಒಳಗೆ ಫ್ಲಾಪಿಯ ಮೇಲೆ ಹಾವೇರಿ ಅಂತ ಗುಂಡಗೆ ಒತ್ತಿಕೊಂಡಿದೆ. ಕಂಪ್ಯೂಟರಿಗೆ ಹಾಕಿದೆ. ಗರ್ ಗರ್ ಅಂತು, ಓದುವುದಿಲ್ಲ ಅಂತು. ಮತ್ತೆ ಹಾಕಿದೆ. ಡಾಕ್ಟರು ಬಂದು, "ಅದರ ಜೀವಾ ಯಾಕ ತಿಂತೀ?" ಅಂದರು.

ನಗು ಬರುವಂಥದ್ದೇ, ಗೊತ್ತು. ನನಗೆ ಮಾತ್ರ ಅಲ್ಲೇ ಕೂತು ಅಳು ಬಂತು. ಇನ್ನೊಂದು ಮಾಡು, ಯಾರ ಕೈಯಲ್ಲಾದರೂ ಕೊಟ್ಟು ಕಳಿಸು. ಬೇಡ, ನೀನೇ ತೆಗೆದುಕೊಂಡು ಬಾ. ನಮ್ಮ ಮನೆಯವರು ಏನಾದರೂ ಅಂದರೆ ಅನ್ನಲಿ. ರೋಜಾದಲ್ಲಿದ್ದಾರೆ, ಕೈ ಎತ್ತುವುದಿಲ್ಲ.

ಜಾಹೀದಾ


ಹಾವೇರಿ
22 ಜನವರಿ 1997

ಆಪಾ,

ಇನ್ನೊಂದು ಫ್ಲಾಪಿ ಮಾಡಿಟ್ಟಿದ್ದೇನೆ. ಆದರೆ ಯಾರ ಕೈಯಲ್ಲೂ ಕಳಿಸುವುದಿಲ್ಲ. ಮೊದಲ ಸಲ ಕಳಿಸಿದ್ದೇ ನನ್ನ ಹುಚ್ಚುತನ. ನಿಮ್ಮಲ್ಲಿರುವ ಹಳೆಯ ಪೇಶಂಟುಗಳ ದಾಖಲೆಯನ್ನೆಲ್ಲ ಹೊಸದರೊಳಗೆ ತುಂಬಬೇಕು, ನಡುವೆ ಕರೆಂಟು ಹೋದರೆ ಎಲ್ಲರ ಹಲ್ಲೂ ಒಂದೇ ಸಲಕ್ಕೆ ಮಾಯವಾಗುತ್ತದೆ. ನಾನೇ ಎದುರು ಕೂರಬೇಕು.

ಬರುತ್ತೇನೆ. ಈದ್ ಮುಗಿಯಲಿ. ಸಬೂಬು ಹೇಳುತ್ತಿದ್ದೇನೆ ಅನ್ನಬೇಡ, ಕ್ಲಾಸಿನವರ ಪರೀಕ್ಷೆ ಹತ್ತಿರ ಬಂದಿದೆ. ಮತ್ತೆ ನಿನಗೆ ಮುಚ್ಚಿಡುವುದು ಯಾಕೆ, ಭಾವನ ಅಂಗಡಿ ದಾಟಿ ಆ ಮೆಟ್ಟಿಲು ಹತ್ತುವುದನ್ನು ನೆನೆದರೆ ನನ್ನ ಕಾಲು ಬರುವುದಿಲ್ಲ. ಬೈದರೆ ತಡೆದುಕೊಳ್ಳುತ್ತೇನೆ. ನನ್ನನ್ನು ನೋಡಿಯೂ ನೋಡದವರಂತೆ ಚಕ್ರ ತಿರುಗಿಸುತ್ತ ಕೂತರೆ ಏನು ಮಾಡಲಿ? ಈದಿನ ದಿನ ಯಾರೂ ಯಾರಿಗೂ ಮುಖ ತಿರುಗಿಸುವುದಿಲ್ಲ. ಅಪ್ಪಿಕೊಳ್ಳುವ ನೆಪದಲ್ಲಿ ಬರುತ್ತೇನೆ.

ಬಿಸ್ಮಿಲ್ಲಾಳ ಕೆಲಸ ಸಿದ್ದಲಿಂಗಪ್ಪ ಡಾಕ್ಟರೇ ಮಾಡುತ್ತಾರಲ್ಲ? ಬದಲು ಮಾಡಿದವರೇ ಅವರು, ಅವರಿಗೆ ಪರದೆ ನೋಡುವ ಅಗತ್ಯವೇ ಇಲ್ಲ. ಧೈರ್ಯವಾಗಿರು.

ಗೌಸ


ರಾಣೇಬೆನ್ನೂರು
27 ಜನವರಿ 1997

ಗೌಸ್,

ಹೌದು, ಅವರೇ ಮಾಡುತ್ತಾರೆ. ಈ ಗುರುವಾರ ಇಫ್ತಾರಿನ ಮೇಲೆ. ನನಗೂ ಅದೊಂದೇ ಧೈರ್ಯ. ಆದರೂ ರಾತ್ರಿ ನಿದ್ದೆ ಹತ್ತುತ್ತಿಲ್ಲ. ನಾನೂ ಜೊತೆಗೆ ಹೋಗುತ್ತೇನೆ ಅಂದರೆ ಅತ್ತೆ, "ನೀ ಮನ್ಯಾಗಿರು, ಅವತ್ತ ಬ್ಯಾಡಗಿಯವರು ಇಫ್ತಾರಿಗೆ ಬರ್ತಾರ, ನಾ ಕರ್ಕೊಂಡ್ ಹೋಗ್ತೇನಿ" ಅಂದರು.

ಈದಿನವರೆಗೆ ಕಾಯಬೇಡ. ಈ ಪತ್ರ ಬುಧವಾರ ನಿನ್ನ ಕೈ ಸೇರುತ್ತದೆ. ಗುರುವಾರ ಬೆಳಿಗ್ಗೆಯ ಬಸ್ಸು ಹತ್ತು, ನಿನ್ನ ಆಪಾ ಕೈಮುಗಿದು ಕೇಳುತ್ತಿದ್ದಾಳೆ.

ಜಾಹೀದಾ


ರಾಣೇಬೆನ್ನೂರು
31 ಜನವರಿ 1997

ಗೌಸ್,

ಕಿತ್ತುಬಿಟ್ಟರು.

ನೀನು ಬರಲಿಲ್ಲ. ಬೆಳಿಗ್ಗೆಯಿಂದ ಮೆಟ್ಟಿಲ ಕಡೆಗೇ ಕಣ್ಣಿತ್ತು. ಮಧ್ಯಾಹ್ನದ ಹೊತ್ತಿಗೆ ಐರಣಿಯಿಂದ ಆಳು ಬಂದ, ಸಿದ್ದಲಿಂಗಪ್ಪ ಡಾಕ್ಟರ ತಾಯಿ ನೀಲಗಂಗವ್ವನವರಿಗೆ ಎದೆನೋವು ಅಂತ. ಡಾಕ್ಟರು ಹಾಗೇ ಎದ್ದು ಹೋದರು, "ಸಂಜಿಕ ಬಂದಬಿಡ್ತೇನಿ" ಅಂದರು. ಬರಲಿಲ್ಲ. ನಾನು ದಾವಣಗೆರೆಯ ಡಾಕ್ಟರು ಬರುವವರೆಗೆ ನಿಲ್ಲಬೇಕಿತ್ತು, ಮನೆಯಲ್ಲಿ ಇಫ್ತಾರಿನ ಅಡಿಗೆ ಕಾಯುತ್ತಿತ್ತು. ಒಂದು ಚೀಟಿ ಬರೆದು ಅವರ ಟೇಬಲ್ಲಿನ ಮೇಲಿಟ್ಟು ಬಂದೆ. ಅದರ ಮೇಲೆ ಯಾರೋ ಎಕ್ಸ್‌ರೇ ಲಕೋಟೆ ಇಟ್ಟಿದ್ದರು, ಇವತ್ತು ಬೆಳಿಗ್ಗೆ ನೋಡಿದೆ.

ಬ್ಯಾಡಗಿಯವರಿಗೆ ಬಡಿಸಿ, ಒಂದು ಖಜೂರ ಬಾಯಿಗೆ ಹಾಕಿಕೊಂಡು, ಬುರ್ಖಾ ಏರಿಸಿ ಓಡಿದೆ. ಮೆಟ್ಟಿಲ ಮೇಲೆ ಅತ್ತೆ, ಬಿಸ್ಮಿಲ್ಲಾ ಇಬ್ಬರೂ ಎದುರಾದರು. ಬಿಸ್ಮಿಲ್ಲಾ ಬಾಯಿಗೆ ಹತ್ತಿ ಕಚ್ಚಿಕೊಂಡಿದ್ದಳು. ನನ್ನನ್ನು ನೋಡಿದಳು. ನಾನು ಅವಳ ಬಾಯಿ ನೋಡಿದೆ. ಅತ್ತೆಗೆ ಇನ್ನೂ ಗೊತ್ತಿರಲಿಲ್ಲ, ಅವರು ಹೊರಗೆ ಬೆಂಚಿನ ಮೇಲೆ ತಸಬಿ ಮಣಿ ಎಣಿಸುತ್ತ ಕೂತಿದ್ದರಂತೆ. "ರಕ್ತ ಭಾಳ ಬಂತಂತ, ಬೇರು ತೊಳದಾರ" ಅಂದರು ನನಗೆ.

ಇವತ್ತು ಹತ್ತಿ ತೆಗೆದಾಗ ಮನೆಯಲ್ಲಿ ಏನು ನಡೆಯಿತು ಅಂತ ಬರೆಯಲು ಈಗ ಆಗುವುದಿಲ್ಲ. ಕೆಳಗಿನ ಅಂಗಡಿ ಇವತ್ತು ತೆರೆದಿಲ್ಲ. ಬರಬೇಡ. ಈಗ ಬರಬೇಡ.

ಜಾಹೀದಾ


ಹಾವೇರಿ
4 ಫೆಬ್ರುವರಿ 1997

ಆಪಾ,

ಬುಧವಾರ ನಿನ್ನ ಪತ್ರ ಬಂದಿತ್ತು. ಗುರುವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೂ ಹೋಗಿದ್ದೆ. ಫ್ಲಾಪಿ ಕಿಸೆಯಲ್ಲಿತ್ತು. ಒಂದು ಬಸ್ಸು ಬಿಟ್ಟೆ, ಮುಂದಿನದು ಹತ್ತಿದರಾಯಿತು ಅಂದುಕೊಂಡೆ. ಅದನ್ನೂ ಬಿಟ್ಟೆ. ಡಾಕ್ಟರೇ ಮಾಡುತ್ತಾರಲ್ಲ ಅಂದುಕೊಂಡು ಮನೆಗೆ ಬಂದೆ.

ನಿನ್ನ ಮೇಲೆ ಒಂದು ಮಾತೂ ಬರಕೂಡದು. ಈದಿನ ದಿನ ನಮಾಜು ಮುಗಿಸಿ ನೇರವಾಗಿ ನಿಮ್ಮ ಮನೆಗೆ ಬರುತ್ತೇನೆ. ಭಾವನ ಎದುರಿಗೆ, ನಿಮ್ಮ ಅತ್ತೆಯ ಎದುರಿಗೆ, ಬ್ಯಾಡಗಿಯವರಿದ್ದರೆ ಅವರ ಎದುರಿಗೂ ಹೇಳುತ್ತೇನೆ. ಪ್ರೋಗ್ರಾಮು ನನ್ನದು, ಎರಡನೇ ಪುಟ ನನ್ನದು, ಬಸ್ಸು ಹತ್ತದವನು ನಾನು. ಹೊಡೆದರೆ ಹೊಡೆಸಿಕೊಳ್ಳುತ್ತೇನೆ. ಹೇಳದೆ ಇದ್ದರೆ ನನಗೆ ಉಣ್ಣಲೂ ಆಗುವುದಿಲ್ಲ.

ಗೌಸ


ರಾಣೇಬೆನ್ನೂರು
7 ಫೆಬ್ರುವರಿ 1997

ಗೌಸ್ ಅವರಿಗೆ ಬಿಸ್ಮಿಲ್ಲಾಬಿಯ ಸಲಾಮು.

ನಾನು ಬರೆಯುತ್ತಿರುವುದು ಇಲ್ಲಿ ಯಾರಿಗೂ ಗೊತ್ತಿಲ್ಲ. ನಿಮ್ಮ ಪತ್ರ ಓದಿ ಭಾಬಿ ಒಲೆಯ ಮುಂದೆ ಕೂತು ಅಳುತ್ತಿದ್ದರು. ನಾನು ಕೈಯಿಂದ ತೆಗೆದುಕೊಂಡು ಓದಿದೆ. ತಪ್ಪಾದರೆ ಮಾಫ್ ಮಾಡಿ.

ನೀವು ಈದಿಗೆ ಬಂದು ಆ ಮಾತು ಯಾವುದನ್ನೂ ಹೇಳಬೇಡಿ. ಹೇಳಿದರೆ ನಿಮ್ಮ ಮನಸ್ಸು ಹಗುರವಾದೀತು. ನೀವು ಸಂಜೆಯ ಬಸ್ಸಿಗೆ ಹಾವೇರಿಗೆ ಹೋಗುತ್ತೀರಿ, ಭಾಬಿ ಇಲ್ಲೇ ಇರಬೇಕು. ಹತ್ತಿ ತೆಗೆದ ದಿನ ಅಮ್ಮ ಅವರ ಜಡೆಗೆ ಕೈ ಹಾಕಿದ್ದರು. "ನಿನ್ನ ತಮ್ಮ ಒಲ್ಲೆ ಅಂದಿದ್ದು ಸಾಲಲಿಲ್ಲೇನ?" ಅಂದರು. ಅಣ್ಣ ಹಜರತಅಲಿ ಸುಮ್ಮನೆ ಗೋಡೆಗೆ ಒರಗಿ ನಿಂತಿದ್ದ, ಬಿಡಿಸಲಿಲ್ಲ. ಆಗ ನಾನೇ ನಡುವೆ ಹೋಗಿ ಹೇಳಿದೆ. "ನಾನಽ ಕೀಳಸೇನಿ. ನೋವು ತಡಿಯಾಕ ಆಗಲಿಲ್ಲ, ಡಾಕ್ಟರಿಗೆ ಕಿತ್ತಬಿಡ್ರಿ ಅಂದೆ. ಭಾಬಿಗೆ ಗೊತ್ತಽ ಇಲ್ಲ." ಅಮ್ಮ ನನ್ನ ಕೆನ್ನೆಗೆ ಹೊಡೆದರು, ಹಲ್ಲು ಹೋದ ಬದಿಗೇ. ಭಾಬಿಯ ಜಡೆ ಬಿಟ್ಟರು. ಐರಣಿಯಿಂದ ಬಂದ ಮೇಲೆ ಸಿದ್ದಲಿಂಗಪ್ಪ ಡಾಕ್ಟರು ತಾವೇ ಮನೆಗೆ ಬಂದು ತಪ್ಪು ತಮ್ಮ ದವಾಖಾನೆಯದು ಅನ್ನಲು ಬಾಯಿ ತೆಗೆದರು. ನಾನು ಅವರನ್ನು ನೋಡಿದೆ, ಅವರು ನಿಲ್ಲಿಸಿದರು. ಹೊಸ ಹಲ್ಲು ತಾವೇ ಕೂಡಿಸಿಕೊಡುತ್ತೇನೆ ಅಂತ ಮಾತ್ರ ಹೇಳಿ ಹೋದರು. ಈಗ ಮನೆಯಲ್ಲಿ ಸುಳ್ಳಾದರೂ ಒಂದು ಮಾತು ನಿಂತಿದೆ. ಅದನ್ನು ನೀವು ಬಂದು ಕೆಡವಬೇಡಿ.

ಬ್ಯಾಡಗಿಯವರು ನಿನ್ನೆ ಈದಿನ ಬಟ್ಟೆ ತಂದಿದ್ದರು. ತುಟಿ ಬಿಚ್ಚಬೇಡ ಅಂತ ಅಮ್ಮ ಮೊದಲೇ ಹೇಳಿದ್ದರು. ಸ್ವಲ್ಪ ಹೊತ್ತು ತುಟಿ ಬಿಗಿದು ಕೂತೆ. ಆಮೇಲೆ, ಎಷ್ಟು ದಿನ ಹೀಗೆ ಅಂತ ಅನಿಸಿ, ಅವರ ತಾಯಿ ಏನೋ ಅಂದದ್ದಕ್ಕೆ ಪೂರ್ತಿ ಬಾಯಿ ತೆರೆದು ನಕ್ಕುಬಿಟ್ಟೆ. ಅವರು ಆಗಲೇ ಎದ್ದು ಹೊರಟರು. ಬಟ್ಟೆಯ ಗಂಟನ್ನು ಮಾತ್ರ ಇಲ್ಲೇ ಬಿಟ್ಟು ಹೋಗಿದ್ದಾರೆ. ವಾಪಸ್ ಒಯ್ಯಲಿಲ್ಲ. ಅಮ್ಮ ಅದನ್ನು ಬಿಚ್ಚದೆ ಕಪಾಟಿನಲ್ಲಿಟ್ಟಿದ್ದಾರೆ. ನನಗೂ ಹೆದರಿಕೆ ಇದೆ. ಇಲ್ಲ ಅಂದರೆ ಸುಳ್ಳಾಗುತ್ತದೆ.

ಕುರ್ಚಿಯಲ್ಲಿ ನಾನು ಯಾಕೆ ಕೂಗಲಿಲ್ಲ ಅಂತ ಭಾಬಿ ದಿನಾ ಕೇಳುತ್ತಾರೆ. ಹಲಗೇರಿಯ ಯಾವಳೋ ಕೂಗಿದ್ದಳಂತೆ. ಅವಳಿಗೆ ಬದಲಾದದ್ದನ್ನು ಡಾಕ್ಟರು ಎದುರಿಗೇ ಹೇಳಿದ್ದರು. ನನಗೆ ಮೊದಲು ಕೀಳುವುದು ಅಂದರು, ಆಮೇಲೆ ಉಳಿಸುವುದು ಅಂದರು. ಆ ಡಾಕ್ಟರು ಪರದೆ ತೋರಿಸಿ, "ಇಲ್ಲೇ ಬರದೈತಲ್ಲವಾ" ಅಂದಾಗ, ಮತ್ತೆ ಬದಲಾಗಿರಬೇಕು, ಎಂದಿನಂತೆ ನನಗೆ ಹೇಳಿರಲಿಕ್ಕಿಲ್ಲ ಅಂದುಕೊಂಡು ಬಾಯಿ ತೆರೆದೆ. ಈ ಮನೆಯಲ್ಲಿ ನನ್ನ ವಿಷಯದಲ್ಲಿ ಎಷ್ಟು ಮಾತು ಬದಲಾಗಿವೆ! ಯಾವುದನ್ನು ನನಗೆ ಕೇಳಿ ಮಾಡಿದ್ದಾರೆ? ನಿಕಾದ ದಿನ ಕಾಜಿಯವರು ಬಂದು ಕಬೂಲೇ, ಒಪ್ಪಿಗೆ ಇದೆಯೇ ಅಂತ ಕೇಳುತ್ತಾರೆ. ಜನ ಸೇರಿ, ಬಿರ್ಯಾನಿ ಬೆಂದ ಮೇಲೆ ಕೇಳಿದರೆ ಏನು ಹೇಳಬೇಕು?

ನೀವು ಬನ್ನಿ, ಕಂಪ್ಯೂಟರ್ ಸರಿಮಾಡಲು ಮಾತ್ರ ಬನ್ನಿ. ಅಣ್ಣನಿಗೆ ನಾನು ಹೇಳಿದ್ದೇನೆ, ಅವನು ಮಾತಾಡದಿದ್ದರೂ ದಾರಿ ಬಿಡುತ್ತಾನೆ. ಹಳೆಯದಕ್ಕೆ ಗೀಟು ಎಳೆದು ಹೊಸದನ್ನು ಮೇಲೆ ತರುತ್ತೀರಂತೆ, ಭಾಬಿ ಹೇಳಿದರು. ಒಳ್ಳೆಯದು. ಅದರ ಜೊತೆಗೆ ಒಂದು ಪ್ರಶ್ನೆ ಹಾಕಿ: ಬದಲು ಮಾಡಿದ್ದನ್ನು ಪೇಶಂಟಿಗೆ ಹೇಳೀರೇನು, ಅವರು ಹೂಂ ಅಂದಾರೇನು? ಅದಕ್ಕೆ ಉತ್ತರ ಕೊಡದೆ ಯಾರಿಗೂ ಮುಂದೆ ಹೋಗಲು ಬರಬಾರದು, ಡಾಕ್ಟರಿಗೂ. ಕೊನೆಯಲ್ಲಿ ಬೇಡ, ಮೊದಲೇ ಕೇಳಲಿ.

ಮತ್ತೊಂದು ಮಾತು, ನಿಮ್ಮ ಮನಸ್ಸಿನಲ್ಲಿ ಹುಳ ಕೊರೆಯುವುದು ಬೇಡ ಅಂತ ಬರೆಯುತ್ತೇನೆ. ನೀವು ಒಲ್ಲೆ ಅಂದದ್ದಕ್ಕೆ ನಾನು ಅತ್ತಿದ್ದೆ ಅಂತ ಇಲ್ಲಿ ಎಲ್ಲರೂ ತಿಳಿದಿದ್ದಾರೆ. ಅತ್ತದ್ದು ಖರೇ. ನಿಮ್ಮನ್ನಾದರೂ ಒಲ್ಲೆ ಅನ್ನಲು ಬಿಟ್ಟರಲ್ಲ ಅಂತ ಅತ್ತದ್ದು. ನನ್ನನ್ನು ಒಂದು ಮಾತು ಕೇಳಿದ್ದರೆ ನಿಮಗಿಂತ ಮೊದಲು ನಾನೇ ಅಂದಿರುತ್ತಿದ್ದೆ.

ಬಿಸ್ಮಿಲ್ಲಾಬಿ